ಬಿಸಿಲಿಗೊಂದು ಅರ್ಜಿ

ಬೆಂಗಳೂರಿನ ಹವೆ ನನಗೆ ಹಿಡಿಸಿಲ್ಲ. ಈ ಮಾತನ್ನು ಈ ಊರಿನಲ್ಲಿ ಬಾಯಿಬಿಟ್ಟು ಹೇಳುವುದಕ್ಕಿಂತ ಮದುವೆಮನೆಗೆ ಹೋಗಿ ಹುಡುಗಿ ಚೆನ್ನಾಗಿಲ್ಲ ಎನ್ನುವುದು ಸುಲಭ. ಇಲ್ಲಿನವರು ಟ್ರಾಫಿಕ್ಕನ್ನು ಬೈಯುತ್ತಾರೆ, ನೀರು ಬಾರದ ನಲ್ಲಿಯನ್ನು ಬೈಯುತ್ತಾರೆ, ರಸ್ತೆಗುಂಡಿಯಲ್ಲಿ ಬಿದ್ದು ಎದ್ದು ಬೈಯುತ್ತಾರೆ. ಕೊನೆಗೆ, "ಆದ್ರೂ ವೆದರ್ ಮಾತ್ರ ಸೂಪರ್, ಅಲ್ವಾ ಮೇಡಂ?" ಎಂದು ನನ್ನ ಮುಖ ನೋಡುತ್ತಾರೆ. ನಾನು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಹೂಂ ಎನ್ನುತ್ತೇನೆ. ನಾನು ರಾಯಚೂರಿನವಳು. ಮನುಷ್ಯರು ಇರುವ ಊರೆಂದರೆ ಒಂದೋ ಮೈ ಸುಡಬೇಕು, ಇಲ್ಲವೇ ಹಲ್ಲು ಕಟಕಟಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಿಮ ಬೀಳುವ ಕಡೆಗೂ ನಾನು ಹೋಗಿ ಇದ್ದೇನು. ಅಲ್ಲಿ ಚಳಿಯನ್ನು ಚಳಿಯೆಂದು ಒಪ್ಪಿಕೊಂಡು ಬೆಂಕಿ ಹಾಕುತ್ತಾರೆ. ಇಲ್ಲಿಯದು ಆರಿದ ಕಾಫಿಯಂಥ ಹವೆ. ಜುಲೈ ಬಂದರೆ ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಹಾಲ್‌ನಲ್ಲಿ ಕಟ್ಟಿದ ಹಗ್ಗದ ಮೇಲೆ ನಮ್ಮ ಯಜಮಾನರ ಬನಿಯನ್ನುಗಳು ತೂಗುತ್ತಿರುತ್ತವೆ. ಅವುಗಳ ಕೆಳಗೆ ಕೂತು ಕಿಟಕಿಯಾಚೆಯ ಮಬ್ಬು ನೋಡುತ್ತಿದ್ದರೆ ಕಾರಣವಿಲ್ಲದೆ ಅಳು ಬರುತ್ತದೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಬರುತ್ತದೆ.

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಯಜಮಾನರಿಗೆ ಹೇಳಿದ್ದೆ, "ಭಾಳ ಥಂಡಿ ಅದ್ರಿ" ಅಂತ. ನಮ್ಮ ಕಡೆ ಥಂಡಿ ಎಂದರೆ ಚಳಿ. ಇಲ್ಲೇ ಬೆಂಗಳೂರಿನ ವಿಜಯನಗರದಲ್ಲಿ ಹುಟ್ಟಿ ಬೆಳೆದ ಅವರಿಗೆ ಥಂಡಿ ಎಂದರೆ ನೆಗಡಿ, ಸೀನು, ಎದೆಕಟ್ಟು. "ಥಂಡಿ ಆಗಿದ್ಯಾ? ಮೊದ್ಲೇ ಹೇಳ್ಬಾರ್ದಾ ಕಣೇ!" ಎಂದವರೇ ಅಡುಗೆಮನೆಗೆ ಓಡಿ ಶುಂಠಿ, ಮೆಣಸು ಕುಟ್ಟಿ ಕಷಾಯ ಮಾಡಿ ತಂದರು. ಹೊಸ ಗಂಡ ಇಷ್ಟು ಪ್ರೀತಿಯಿಂದ ತಂದದ್ದನ್ನು ಬೇಡವೆನ್ನಲು ಬಾಯಿ ಬರಲಿಲ್ಲ. ಮೂವತ್ತು ವರ್ಷದಿಂದ ಕುಡಿಯುತ್ತಲೇ ಇದ್ದೇನೆ. ಇವಳಿಗೆ ವರ್ಷಕ್ಕೆ ನಾಲ್ಕು ತಿಂಗಳು ನೆಗಡಿ ಎಂದು ಅವರು ನೆಂಟರಿಷ್ಟರಿಗೆಲ್ಲ ಹೇಳಿಟ್ಟಿದ್ದಾರೆ.

ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಉಳಿದಿದೆ ಎನ್ನುವಾಗ ನನಗೊಂದು ಆಸೆ ಹುಟ್ಟಿತು. ಉಳಿದ ನೌಕರಿಯನ್ನು ರಾಯಚೂರಿನಲ್ಲಿ ಮಾಡಬೇಕು, ಆಮೇಲೆ ಅಲ್ಲೇ ಇದ್ದುಬಿಡಬೇಕು. ನಮ್ಮ ಹಳೆಯ ಮನೆಯಲ್ಲಿ ತಮ್ಮ ಬಸವರಾಜ ಸಂಸಾರ ಮಾಡಿಕೊಂಡಿದ್ದಾನೆ. ಒಂದು ಕೋಣೆ ನನಗೆಂದೇ ಖಾಲಿ ಇದೆ. ಬೇಸಿಗೆಯ ಮಧ್ಯಾಹ್ನ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ಮಜ್ಜಿಗೆ ಕುಡಿದು ನೆಲದ ಮೇಲೆ ಉರುಳಿದರೆ ಊರಿಗೆ ಊರೇ ಸುಮ್ಮನಾಗುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಂಥ ಹತ್ತು ಮಧ್ಯಾಹ್ನ ಸಿಕ್ಕರೆ ಚಳಿಗೆ ನೋಯುವ ನನ್ನ ಮಂಡಿಯೂ ಮನಸ್ಸೂ ಸರಿಹೋಗುತ್ತವೆ ಎಂದು ನಂಬಿದ್ದೆ. ಯಜಮಾನರಿಗೆ ಹೇಳಿದಾಗ ಓದುತ್ತಿದ್ದ ಪೇಪರನ್ನು ನಾಲ್ಕಾಗಿ ಮಡಿಸಿಟ್ಟರು. ಆಮೇಲೆ, "ಹೋಗು ಕಣೇ, ನಿನ್ನಾಸೆ. ನಾನು ತಿಂಗಳಿಗೊಂದ್ಸಲ ಬಂದು ಹೋಗ್ತೀನಿ, ಬೇಸಿಗೆ ಬಿಟ್ಟು" ಎಂದರು. ರಾಯಚೂರಿನಲ್ಲಿ ಬೇಸಿಗೆ ಬಿಟ್ಟರೆ ಉಳಿಯುವುದೇ ಎರಡು ತಿಂಗಳು. ಆದರೂ ಒಪ್ಪಿದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇಲ್ಲಿ ನನ್ನ ನೌಕರಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಇಲಾಖೆಯಲ್ಲಿ ರಾಯಚೂರು ಎಂಬುದು ಊರಲ್ಲ, ಶಿಕ್ಷೆ. ಸಾಹೇಬರ ಜೊತೆ ಜಗಳವಾಡಿದವರನ್ನು ಅಲ್ಲಿಗೆ ಹಾಕುತ್ತಾರೆ. ಹಾಗೆ ಹಾಕಿಸಿಕೊಂಡವರೆಲ್ಲ ಆರ್ಡರ್ ಕೈಯಲ್ಲಿ ಹಿಡಿದು ನೇರ ನನ್ನ ಮೇಜಿಗೆ ಬರುತ್ತಾರೆ. ಏಕೆಂದರೆ ನನ್ನ ಅಕ್ಷರ ದುಂಡಗಿದೆ, ಕನ್ನಡ ಶುದ್ಧವಾಗಿದೆ, ಮತ್ತು ನಾನು ಬರೆದ ಮನವಿ ಓದಿದ ಸಾಹೇಬರ ಕಣ್ಣು ಒದ್ದೆಯಾಗುತ್ತದೆ ಎಂದು ಆಫೀಸಿನಲ್ಲಿ ಪ್ರತೀತಿ. "ಬಿಸಿಲಿನ ತೀವ್ರತೆಯನ್ನು ಪರಿಗಣಿಸಿ ನನ್ನನ್ನು ರಾಯಚೂರಿಗೆ ವರ್ಗಾಯಿಸಬಾರದೆಂದು ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸುತ್ತೇನೆ." ಈ ವಾಕ್ಯವನ್ನು ಎಷ್ಟು ಜನರಿಗೆ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಹುಟ್ಟಿದ ಊರನ್ನು ಹೀಗೆ ದಿನಾ ದೂರುವುದು ಸರಿಯೇ ಎಂದು ಒಮ್ಮೊಮ್ಮೆ ಚುಚ್ಚುತ್ತಿತ್ತು. ಆದರೆ ಬರೆಸಿಕೊಂಡವರು ಮಸಾಲೆ ದೋಸೆ ತರಿಸುತ್ತಿದ್ದರು.

ವರ್ಗಾವಣೆಯ ಕಾಲ ಬಂದಾಗ ನನ್ನ ಅರ್ಜಿಯನ್ನೂ ಬರೆದು ಕೊಟ್ಟೆ. ಮೇಲಿನ ಕಚೇರಿಯಿಂದ ಉತ್ತರ ಆಶ್ಚರ್ಯವಾಗುವಷ್ಟು ಬೇಗ ಬಂತು. "ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದ್ದು, ತಮ್ಮ ಕೋರಿಕೆಯಂತೆ ತಮ್ಮನ್ನು ನಿವೃತ್ತಿಯವರೆಗೆ ಬೆಂಗಳೂರಿನಲ್ಲಿಯೇ ಮುಂದುವರಿಸಲಾಗುವುದು." ಎರಡು ಸಲ ಓದಿದೆ. ರಕ್ತ ತಲೆಗೇರಿತು. ಬಿಸಿಲು ಬೇಕೆಂದು ಯಾರಾದರೂ ಕೇಳುತ್ತಾರೆಯೇ, ಬರೆಯುವಾಗ ತಪ್ಪಾಗಿರಬೇಕು ಎಂದು ಯಾರೋ ಅತಿಬುದ್ಧಿವಂತರು ತಿದ್ದಿದ್ದಾರೆ ಎಂದುಕೊಂಡೆ. ಮರುದಿನ ರಜೆ ಹಾಕಿ, ಮೆಟ್ರೋ ಹತ್ತಿ, ಮೇಲಿನ ಕಚೇರಿಗೆ ಜಗಳಕ್ಕೆಂದೇ ಹೋದೆ. ಕಡತ ನೋಡಿಕೊಳ್ಳುವ ಹುಡುಗಿ ಬಲು ವಿನಯವಂತೆ. "ಮೇಡಂ, ನೀವು ಕೇಳಿದ್ದೇ ಆಗಿದ್ಯಲ್ಲ? ಸಾಹೇಬ್ರು ನಿಮ್ಮ ಅರ್ಜಿ ಓದಿ, ಪಾಪ ಈ ವಯಸ್ನಲ್ಲಿ ಇವ್ರನ್ನ ಅಲ್ಲಿಗ್ ಹಾಕೋ ಯೋಚ್ನೆ ಯಾರ್ ಮಾಡಿದ್ರು ಅಂತ ಬೇಜಾರ್ ಮಾಡ್ಕೊಂಡ್ರು" ಎಂದು ಕಡತ ಬಿಚ್ಚಿ ನನ್ನ ಮುಂದಿಟ್ಟಳು.

ಯಾರೂ ಏನೂ ತಿದ್ದಿರಲಿಲ್ಲ. ನನ್ನದೇ ದುಂಡಗಿನ ಅಕ್ಷರದಲ್ಲಿ, ಒಂದು ಚಿತ್ತುಕಾಟಿಲ್ಲದೆ, "ರಾಯಚೂರಿಗೆ ವರ್ಗಾಯಿಸಬಾರದೆಂದು" ಎಂದು ಬರೆದಿತ್ತು. ಬೇಕೆಂದು ಬರೆಯಬೇಕಾದಲ್ಲಿ ಕೈ ತನ್ನ ರೂಢಿಯಂತೆ ಬಾರದೆಂದು ಬರೆದು, ಕೆಳಗೆ ಸಹಿಯನ್ನೂ ಹಾಕಿತ್ತು. ನನ್ನ ಮುಖ ನೋಡಿ ಆ ಹುಡುಗಿ ನೀರು ತಂದುಕೊಟ್ಟಳು. "ತಿದ್ದಿ ಕೊಡ್ಬೋದಾ?" ಎಂದೆ. "ಈ ಸಲದ್ದು ಮುಗೀತು ಮೇಡಂ. ಮುಂದಿನ್ ವರ್ಷಕ್ಕೆ ನಿಮ್ ಸರ್ವಿಸ್ ಒಂದ್ ವರ್ಷ ಕೂಡ ಉಳಿಯಲ್ಲ, ಅಂಥವ್ರನ್ನ ಎಲ್ಲೂ ಹಾಕಲ್ಲ" ಎಂದಳು. ಸಣ್ಣಗೆ ಜಿನುಗುವ ಮಳೆಯಲ್ಲಿ ವಿಜಯನಗರ ಸ್ಟೇಷನ್ನಿನಿಂದ ಮನೆಗೆ ನಡೆದೇ ಬಂದೆ. ಯಜಮಾನರಿಗೆ ವಿಷಯ ಹೇಳಿದರೆ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಮುಖದಲ್ಲಿ ಬಂದ ಸಂತೋಷವನ್ನು ಅಡಗಿಸಲು ಒದ್ದಾಡಿ, "ಹೋಗ್ಲಿ ಬಿಡೇ, ರಿಟೈರ್ ಆದ್ಮೇಲೆ ಹೋದ್ರಾಯ್ತು, ತಮ್ಮನ ಮನೆ ಎಲ್ಲಿಗ್ ಓಡೋಗುತ್ತೆ?" ಎಂದು ಕಷಾಯಕ್ಕೆ ನೀರಿಟ್ಟರು. ಮೈಯೆಲ್ಲ ನೆನೆದಿದ್ದರಿಂದ ಅವತ್ತು ನಿಜವಾಗಿಯೂ ಥಂಡಿಯಾಗಿತ್ತು, ಅವರ ಅರ್ಥದಲ್ಲಿಯೇ.

ಅವರ ಮಾತು ಹಿಡಿದುಕೊಂಡು ನಾಲ್ಕು ದಿನ ಧೈರ್ಯ ತಂದುಕೊಂಡೆ. ಭಾನುವಾರ ಬೆಳಿಗ್ಗೆ ತಮ್ಮನ ಫೋನ್ ಬಂತು.

"ಅಕ್ಕಾ, ಈ ಬಿಸಲಾಗ ನಮಗಿನ್ನ ಆಗಂಗಿಲ್ಲ ನೋಡು. ಇಕಿಗಂತೂ ಬ್ಯಾಸಗಿ ಬಂದ್ರ ತಲಿ ತಿರಗತದ. ಈ ಮನಿ ಮಾರಿ ಬ್ಯಾಡರಹಳ್ಳಿ ಕಡೆ ಒಂದು ಮನಿ ನೋಡಬೇಕಂತ ಮಾಡೀವಿ. ಬೆಂಗಳೂರಾಗ ಹವಾ ಭಾಳ ಚಲೋ ಅದಲ್ಲ, ನೀವು ಪುಣ್ಯಾವಂತರು."

"ಮತ್ತ ನಿನ್ನ ನೌಕ್ರಿ?" ಎಂದೆ.

"ಅದಕ್ಕ ಫೋನ್ ಮಾಡಿದ್ದು. ಬೆಂಗಳೂರಿಗೆ ಹಾಕ್ರಿ ಅಂತ ನಮ್ಮ ಸಾಹೇಬ್ರಿಗೆ ಒಂದು ಅರ್ಜಿ ಕೊಡಬೇಕು. ನೀನ ಬರದು ಕೊಡು ಅಕ್ಕಾ. ನೀ ಬರದದ್ದು ಎಂದೂ ವಾಪಸ್ ಬಂದಿಲ್ಲಂತಲ್ಲ."

ಹೂಂ ಎಂದು ಫೋನಿಟ್ಟೆ. ನನ್ನ ಕೋಣೆ, ನೆಲ, ಒದ್ದೆ ಗೋಣಿ ಎಲ್ಲ ಹೋದವು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೇಕೆಂದೇ ತಪ್ಪು ಬರೆದುಬಿಡಲೇ ಎಂದು ಒಮ್ಮೆ ಅನಿಸಿದ್ದೂ ಉಂಟು. ಆದರೆ ಒಡಹುಟ್ಟಿದ ತಮ್ಮ ಕೇಳಿದ್ದಾನೆ. ಬನಿಯನ್ನುಗಳ ಕೆಳಗೆ ಕೂತು, ಸ್ವೆಟರಿನ ತೋಳು ಮೇಲಕ್ಕೆ ಸರಿಸಿ, ರಾಯಚೂರಿನ ಬಿಸಿಲಿನ ತೀವ್ರತೆಯನ್ನು ವರ್ಣಿಸಿ ಎರಡು ಪುಟದ ಮನವಿ ಬರೆದೆ. ಎಲ್ಲಿ ಬೇಕು, ಎಲ್ಲಿ ಬಾರದು ಎಂದು ಮೂರು ಸಲ ಓದಿ ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ.