ಬಾಗಿಲಿದ್ದ ಟಿವಿ ಮತ್ತು ದೇಸಾಯಿ ಮಾಮಾನ ಹಿಂದಿ

ಹಳೆಯ ಕಾಲ ಬಹಳ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ, ಆ ಕಾಲದಲ್ಲಿ ಅವರು ಎಲ್ಲಿ ಕೂತಿದ್ದರು ಎಂದು ಮೊದಲು ವಿಚಾರಿಸಬೇಕು. ನಮ್ಮ ಮನೆಯವರು ಕುರ್ಚಿಯ ಮೇಲೆ ಕೂತಿದ್ದರು. ಆದ್ದರಿಂದ ಅವರಿಗೆ ಹಳೆಯ ಕಾಲವೆಲ್ಲ ಬಹಳ ಸೊಗಸಾಗಿ ನೆನಪಿದೆ. ನಾನು ಸ್ಟೋವಿನ ಮುಂದೆ ನಿಂತಿದ್ದೆ. ನನಗೆ ನೆನಪಿರುವುದು ಸೀಮೆಎಣ್ಣೆಯ ವಾಸನೆ ಮತ್ತು ಎಷ್ಟು ತೊಳೆದರೂ ಮುಗಿಯದ ಚಹಾದ ಕಪ್ಪು-ಬಸಿಗಳು. ಇಬ್ಬರೂ ಹೇಳುತ್ತಿರುವುದು ಒಂದೇ ಮನೆಯ, ಒಂದೇ ಭಾನುವಾರದ ಕಥೆ ಎಂದರೆ ಮೂರನೆಯವರು ನಂಬಲಿಕ್ಕಿಲ್ಲ.

ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ನಿವೃತ್ತರಾದಾಗಿನಿಂದ ನಮ್ಮವರಿಗೆ ಈ ಹಳೆಯ ಕಾಲದ ರೋಗ ಅಂಟಿಕೊಂಡಿದೆ. ಮೊಬೈಲಿನಲ್ಲಿ ಅವರದೊಂದು ಗುಂಪಿದೆ. ಅದರಲ್ಲಿ ಬೆಳಗಾದರೆ ಯಾರಾದರೊಬ್ಬರು ಕಂದೀಲಿನದೋ ಮಸಿ ದೌತಿಯದೋ ಚಿತ್ರ ಹಾಕಿ, ‘ಇದು ಯಾರಿಗೆ ನೆನಪಿದೆ?’ ಎಂದು ಕೇಳುತ್ತಾರೆ. ಎಲ್ಲರಿಗೂ ನೆನಪಿರುತ್ತದೆ. ನಿನ್ನೆ ತಂದ ಕೊತ್ತಂಬರಿ ಸೊಪ್ಪನ್ನು ಎಲ್ಲಿಟ್ಟಿರಿ ಎಂದರೆ ಮಾತ್ರ ನೆನಪಿರುವುದಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಈ ಮಳೆಗಾಲ ಮುಗಿಯುತ್ತಲೇ ಅವರು ಅಟ್ಟ ಹತ್ತಿ, ಪಕ್ಕದ ಮನೆಯವರನ್ನೂ ಕರೆದು, ನಮ್ಮ ಹಳೆಯ ಟಿವಿಯನ್ನು ಕೆಳಗಿಳಿಸಿ ಹಾಲ್‌ನಲ್ಲಿ ತಂದು ಪ್ರತಿಷ್ಠಾಪಿಸಿದರು.

ಅದು ಕಪ್ಪು ಬಿಳುಪಿನ ಟಿವಿ. ನಾಲ್ಕು ಕಾಲು, ಕಟ್ಟಿಗೆಯ ಮೈ, ಮುಂದೆ ಎರಡು ಕಡೆಗೂ ಸರಿಯುವ ಬಾಗಿಲು, ಬಾಗಿಲಿಗೆ ಕೀಲಿ. ಆ ಕೀಲಿಕೈ ನಮ್ಮ ಅತ್ತೆಯವರ ಸೊಂಟದಲ್ಲಿ ಇರುತ್ತಿತ್ತು. ಬಂಗಾರದ ಪೆಟ್ಟಿಗೆಯ ಕೀಲಿಕೈಯನ್ನಾದರೂ ಅವರು ಆಗೀಗ ಗೂಟಕ್ಕೆ ಹಾಕುತ್ತಿದ್ದರು, ಇದನ್ನು ಮಾತ್ರ ಇಲ್ಲ. ಟಿವಿಯ ಮೇಲೆ ಹೊದಿಸಲು ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಉಣ್ಣೆಯ ಜಮಖಾನೆ ತರಿಸಿದ್ದರು. ಡ್ರ್ಯಾಗನ್ ಚಿತ್ರವಿದ್ದ ಆ ಬೆಚ್ಚನೆಯ ಜಮಖಾನೆ ಟಿವಿಯ ಮೇಲೆ, ನೋಡಲು ಬಂದವರು ಬರೀ ನೆಲದ ಮೇಲೆ. ಡ್ರ್ಯಾಗನ್‌ನ ಮುಖ ಪರದೆಯ ಮೇಲ್ಭಾಗಕ್ಕೆ ಇಳಿಬಿದ್ದು, ಎತ್ತರದ ನಾಯಕರೆಲ್ಲ ನಮ್ಮ ಮನೆಯಲ್ಲಿ ಹಣೆಯಿಲ್ಲದೆ ಕಾಣಿಸುತ್ತಿದ್ದರು.

“ಇದನ್ಯಾಕ ಇಳಸೀರಿ? ಓಡಾಡಲಿಕ್ಕೆ ಜಾಗಾ ಇಲ್ಲ” ಎಂದೆ.

“ಇದು ಬರೇ ಟಿವಿ ಅಲ್ಲ ಸುಮಿತ್ರಾ. ಇದು ನಮ್ಮ ಜೀವನ” ಎಂದರು.

“ಜೀವನ ಆಗಿದ್ರ ಇಷ್ಟ್ ದಿನ ಅಟ್ಟದ ಮ್ಯಾಲೆ ಯಾಕ ಒಗದಿದ್ರಿ?”

ಅವರು ಟಿವಿಯ ಬಾಗಿಲನ್ನು ಒರೆಸತೊಡಗಿದರು. ಅದು ನಿಂತಿದ್ದು ಹಾಲ್‌ನಿಂದ ಅಡುಗೆಮನೆಗೆ ತಿರುಗುವ ಮೂಲೆಯಲ್ಲಿ. ಹೋಗುವಾಗ ನನ್ನ ಎಡಗಾಲಿಗೆ, ಬರುವಾಗ ಬಲಗಾಲಿಗೆ ಬಡಿಯುತ್ತಿತ್ತು. ಗುಜರಿಯವನನ್ನು ಕರೆದು ತೋರಿಸಿದೆ. ಅವನು ಹಿಂದೆ ಮುಂದೆ ನೋಡಿ, “ಇದನ್ನ ಯಾರೂ ತಗೊಳ್ಳೂದಿಲ್ರೀ ಅಕ್ಕಾರ” ಎಂದು ತಕ್ಕಡಿಯನ್ನೂ ಇಳಿಸದೆ ಹೋದ. ಜೋಯಿಡಾ ರಸ್ತೆಯಲ್ಲಿ ಹೋಮ್‌ಸ್ಟೇ ನಡೆಸುವ ಒಬ್ಬರು ಹಳೆಯ ಸಾಮಾನು ಕೂಡಿಹಾಕುತ್ತಾರೆಂದು ತಿಳಿದು ಅವರಿಗೆ ಫೋನು ಮಾಡಿದೆ. ಅವರು ಬಹಳ ಸಂತೋಷದಿಂದ, “ಕೊಡ್ರಿ ಮೇಡಂ, ಒಳಗಿಂದೆಲ್ಲಾ ತಗದು ಹೂವಿನ ಗಿಡಾ ಹಚ್ಚತೇವಿ, ಮುಂದ ನಿಂತು ಟೂರಿಸ್ಟ್ ಮಂದಿ ಫೋಟೊ ಹೊಡ್ಕೋತಾರ” ಎಂದರು. ಅದನ್ನು ಕೇಳಿಸಿಕೊಂಡ ನಮ್ಮವರು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನವೇ ಟಿವಿಯನ್ನು ಹಳಿಯಾಳದ ರಿಪೇರಿ ಅಂಗಡಿಗೆ ಹೊರಡಿಸಿದರು.

ಆ ಟಿವಿಯ ವೈಭವದ ಕಾಲವನ್ನು ನಾನು ಕಂಡಂತೆ ಹೇಳಬೇಕು. ಆಗ ನಾವು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದೆವು. ನಮ್ಮ ಸಾಲಿಗೆಲ್ಲ ಅದೊಂದೇ ಟಿವಿ. ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆಂದು ಬಂದವರೇ ಸಾಲಿನ ತುಂಬ. ಭಾನುವಾರ ಎಂದರೆ ಅಷ್ಟೂ ಮನೆಯವರು ನಮ್ಮಲ್ಲಿ. ಗುಡ್ಡ, ಕಾಡು ಸುತ್ತುವರಿದ ಊರಿಗೆ ಚಿತ್ರ ಬರುವುದೇ ದೊಡ್ಡ ಮಾತು. ನಮ್ಮವರು ಹಂಚಿನ ಮೇಲೆ ಹತ್ತಿ ಆಂಟೆನಾದ ಗಳ ಹಿಡಿದು ನಿಲ್ಲುತ್ತಿದ್ದರು. ಒಳಗಿನಿಂದ ಆಜ್ಞೆಗಳು ಹೊರಡುತ್ತಿದ್ದವು. “ಒಂದ್ಚೂರು ಹಳಿಯಾಳ ಕಡೆ ತಿರುವ್ರಿ! ಬಂತು, ಬಂತು! ಹೋತು! ಜೋಯಿಡಾ ಕಡೆ! ಅಯ್ಯ, ಅಷ್ಟು ಬ್ಯಾಡ್ರಿ!” ಅಂತೂ ಚಿತ್ರ ನಿಂತು ಅವರು ಇಳಿದು ಕುರ್ಚಿಗೆ ಬಂದರು ಎನ್ನುವಾಗ ಮುಸ್ಯಾ ಮಂಗಗಳ ಹಿಂಡು ಬಂದು ಆಂಟೆನಾಕ್ಕೆ ಜೋತುಬೀಳುತ್ತಿತ್ತು. ಇಲ್ಲವೇ ಆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಬಂದು ಕೂರುತ್ತಿತ್ತು. ಈಗ ಅದೇ ಹಕ್ಕಿಯನ್ನು ನೋಡಲು ಊರೂರುಗಳಿಂದ ಮೊಳದುದ್ದದ ಕ್ಯಾಮೆರಾ ಹೊತ್ತು ಜನ ಬರುತ್ತಾರೆ. ಅಂದು ನಮ್ಮ ಸಾಲಿನವರೆಲ್ಲ ಅದಕ್ಕೆ ಹಾಕಿದ ಶಾಪವನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ.

ನನಗೆ ಈ ಯಾವುದನ್ನೂ ನೋಡುವ ಭಾಗ್ಯವಿರಲಿಲ್ಲ. ಬಂದವರಿಗೆಲ್ಲ ಚಹಾ ಆಗಬೇಕು, ಹಚ್ಚಿದ ಅವಲಕ್ಕಿ ಆಗಬೇಕು. ಹೊಸ ಸೊಸೆಯಾದ ನಾನು ಅಡುಗೆಮನೆಯ ಗೋಡೆಯ ಆಚೆಯಿಂದ ಟಿವಿಯನ್ನು ಕೇಳುತ್ತಿದ್ದೆ. ಕೇಳಿದರೂ ತಿಳಿಯಬೇಕಲ್ಲ? ಎಲ್ಲವೂ ಹಿಂದಿ. ನಮ್ಮ ಸಾಲಿನಲ್ಲಿ ಹಿಂದಿ ಬರುತ್ತದೆ ಎಂದು ಹೆಸರಾಗಿದ್ದವರು ದೇಸಾಯಿ ಮಾಮಾ ಒಬ್ಬರೇ. ಬೆಳಗಾವಿಯವರು, ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಟಿವಿಯ ಪಕ್ಕದಲ್ಲೇ ಅವರಿಗೆ ಕುರ್ಚಿ, ಚಹಾ ಮೊದಲು ಅವರಿಗೆ. ಪಾತ್ರಗಳು ಮಾತು ಮುಗಿಸುವುದೇ ತಡ, ಮಾಮಾ ತುಂಬು ಗಂಟಲಿನಲ್ಲಿ, “ಈಗ ಇಂವ ಏನಂತಾನ ಅಂದ್ರ...” ಎಂದು ಸುರು ಮಾಡುತ್ತಿದ್ದರು. ಒಂದೊಂದು ಸಲ ಪಾತ್ರ ಎರಡು ಮಾತಾಡಿದರೆ ಮಾಮಾ ಇಪ್ಪತ್ತು ಆಡುತ್ತಿದ್ದರು. ಹಿಂದಿ ಬಹಳ ಚಿಕ್ಕ ಭಾಷೆ ಇರಬೇಕು ಎಂದುಕೊಂಡಿದ್ದೆ.

ನನಗೆ ಮದುವೆಗೆ ಮೊದಲೇ ಶಿಕ್ಷಕಿಯರ ತರಬೇತಿಗೆ ಹೋಗುವ ಆಸೆಯಿತ್ತು. ಧಾರವಾಡದಲ್ಲಿ ಸೀಟು ಸಿಗುವಷ್ಟು ಅಂಕಗಳೂ ಇದ್ದವು. ಮದುವೆಯಾದ ಮೇಲೆ ಕೇಳಿದರೆ ನಮ್ಮವರು “ಅವ್ವನ್ನ ಕೇಳು” ಎನ್ನುತ್ತಿದ್ದರು, ಅತ್ತೆಯವರನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಆಗ ಟಿವಿಯಲ್ಲಿ ಒಂದು ಸಂಸಾರದ ಧಾರಾವಾಹಿ ಬರುತ್ತಿತ್ತು. ಅದರಲ್ಲೂ ಒಬ್ಬ ಅತ್ತೆ, ಒಬ್ಬಳು ಓದುವ ಆಸೆಯ ಸೊಸೆ. ಅದೊಂದನ್ನು ಮಾತ್ರ ನಾನು ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಒಂದು ಭಾನುವಾರ ಆ ಸೊಸೆಯ ಅಳು ಕೇಳಿಸಿತು, ಅತ್ತೆಯ ಗದ್ಗದ ದನಿ ಕೇಳಿಸಿತು, ಆಮೇಲೆ ಮಾಮಾ: “ಸೊಸಿ ಅಂತಾಳ, ಆಶೀರ್ವಾದ ಮಾಡ್ರಿ ಅತ್ತೀ, ನಾ ಕಲೀಲಿಕ್ಕೆ ಹೊಂಟೇನಿ. ಅತ್ತಿ ಅಂತಾಳ, ಹೋಗಿ ಬಾ ಮಗಳ, ಮನಿ ನಾ ನೋಡ್ಕೋತೇನಿ.” ಹಾಲ್‌ನಲ್ಲಿ ಎಲ್ಲರೂ ಮೂಗು ಸೀಟಿದರು. ನಮ್ಮ ಅತ್ತೆಯವರೂ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅತ್ತಿ ಅಂದ್ರ ಹಿಂಗಿರಬೇಕ್ ನೋಡು” ಎಂದರು. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಅವರು ರೊಟ್ಟಿ ತಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು, “ಅತ್ತೀ, ನಾನೂ ಕಲೀಲಿಕ್ಕೆ ಹೋಗ್ಲೇನ್ರಿ?” ಎಂದು ಕೇಳಿಯೇಬಿಟ್ಟೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. ಹೆಂಚಿನ ಮೇಲಿದ್ದ ರೊಟ್ಟಿ ಸುಟ್ಟು ವಾಸನೆ ಬಂತು. ಕೊನೆಗೆ, “ಆ ಟಿವಿಯಾಗಿನ ಅತ್ತಿಕಿಂತ ನಾ ಏನ್ ಕಡಿಮಿ ಇದ್ದೀನೇನು? ಹೋಗು” ಎಂದರು. ನಾನು ಧಾರವಾಡಕ್ಕೆ ಹೋದೆ, ಕಲಿತೆ, ಸಾಂಬ್ರಾಣಿ ಎಂಬ ಊರಿನ ಶಾಲೆಗೆ ಮೇಡಂ ಆಗಿ ಸೇರಿದೆ, ಆಮೇಲೆ ದಾಂಡೇಲಿಗೆ ಬಂದೆ, ಇಲ್ಲಿಯೇ ನಿವೃತ್ತಳಾದೆ. ಅತ್ತೆಯವರು ತೀರಿಕೊಳ್ಳುವವರೆಗೂ ಮನೆಗೆ ಬಂದವರ ಮುಂದೆಲ್ಲ, “ನಮ್ಮ ಸೊಸೀನ್ನ ನಾನ ಕಲಿಸೇನಿ” ಎಂದು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ಅವರು ಮನೆ ನೋಡಿಕೊಂಡಿದ್ದರು, ಮಗನಿಗೆ ಚಹಾ ಮಾಡುವುದನ್ನು ಕಲಿಸಲೂ ನೋಡಿದ್ದರು.

ಇರಲಿ, ಹಳಿಯಾಳಕ್ಕೆ ಹೋದ ಟಿವಿಗೆ ಬರೋಣ. ಅದು ಸತ್ತೇ ಬರುತ್ತದೆ ಎಂದು ನಾನು ನೆಮ್ಮದಿಯಿಂದಿದ್ದೆ. ಆದರೆ ರಿಪೇರಿಯವರು ಅದಕ್ಕೆ ಜೀವ ಬರಿಸಿ, ಮೊಬೈಲಿನಲ್ಲಿ ಇರುವುದು ಅದರಲ್ಲಿ ಮೂಡುವಂತೆ ಪಕ್ಕಕ್ಕೊಂದು ಡಬ್ಬಿ ಜೋಡಿಸಿ ಕಳಿಸಿದರು. ನಮ್ಮವರ ಸಂಭ್ರಮಕ್ಕೆ ಮಿತಿಯೇ ಇಲ್ಲ. “ಬರೂ ಭಾನುವಾರ ಹಳೇ ಮಂದೀನೆಲ್ಲಾ ಕರ್ಯೂಣು. ಅವಾಗಿನ್ಹಂಗ ಎಲ್ಲಾರೂ ಕೂಡಿ ನೋಡೂಣು.”

“ಚಹಾ ಯಾರು ಮಾಡವರು?”

“ನೀ ಅದೀಯಲ್ಲ.”

ನನ್ನ ಪಿತ್ತ ನೆತ್ತಿಗೇರಿತು. “ಈ ಸರ್ತಿ ನಾ ಮುಂದಿನ ಕುರ್ಚಿ ಮ್ಯಾಲೆ ಕೂಡಾಕಿ. ಚಹಾ ನೀವು ಮಾಡ್ರಿ, ಅವಲಕ್ಕಿ ನೀವು ಹಚ್ಚರಿ. ಮತ್ತ ನೋಡೂದು ನಾ ಹೇಳಿದ ಧಾರಾವಾಹಿನ. ಸೊಸಿ ಕಲೀಲಿಕ್ಕೆ ಹೋಗ್ತಾಳಲ್ಲ, ಆ ಕಂತು” ಎಂದೆ. ನನ್ನ ಜೀವನವನ್ನು ತಿರುಗಿಸಿದ ಆ ದೃಶ್ಯವನ್ನು ನಾನು ಕಣ್ಣಿಂದ ನೋಡಿಯೇ ಇರಲಿಲ್ಲ. ನಮ್ಮವರು ಮೊಬೈಲಿನಲ್ಲಿ ಹುಡುಕಿ ಹುಡುಕಿ, “ಧಾರಾವಾಹಿ ಸಿಕ್ಕೇತಿ. ಆದ್ರ ಸೊಸಿ ಕಲೀಲಿಕ್ಕೆ ಹೋಗೂದು ಎಲ್ಲೂ ಕಾಣವಲ್ತು” ಎಂದರು. ಅವರಿಗೆ ಹುಡುಕಲು ಬರುವುದಿಲ್ಲ ಎಂದು ಗದರಿದೆ. ಕೊನೆಗೆ ಸೊಸೆ ಅತ್ತೆಯ ಕಾಲಿಗೆ ಬೀಳುವ ಚಿತ್ರವಿದ್ದ ಕಂತೊಂದು ಸಿಕ್ಕಿತು. ಅದೇ ಇರಬೇಕು ಎಂದು ಗೊತ್ತುಮಾಡಿದೆವು.

ಭಾನುವಾರ ಹಳೆಯ ಸಾಲಿನವರು ಬಂದರು. ನನ್ನ ಜೊತೆ ಅಂದು ಕಪ್ಪು-ಬಸಿ ತೊಳೆಯುತ್ತಿದ್ದ ಶಾಂತಕ್ಕ ಬಂದಳು. ಹಳಿಯಾಳದಲ್ಲಿ ಮಗಳ ಮನೆಯಲ್ಲಿರುವ ದೇಸಾಯಿ ಮಾಮಾನನ್ನೂ ಕಾರಿನಲ್ಲಿ ಕರೆತಂದರು. ಮಾಮಾನಿಗೆ ಈಗ ಬಹಳ ವಯಸ್ಸು, ಕಿವಿಗೆ ಯಂತ್ರ. ಆದರೂ ಯಾರೂ ಹೇಳದೆಯೇ ಹೋಗಿ ಟಿವಿಯ ಪಕ್ಕದ ಕುರ್ಚಿಯಲ್ಲಿ ಕೂತರು. ನಾನೂ ಶಾಂತಕ್ಕನೂ ಮುಂದಿನ ಸಾಲಿನಲ್ಲಿ, ಕಾಲು ಚಾಚಿ ಕೂತೆವು. ಅಡುಗೆಮನೆಯಿಂದ ನಮ್ಮವರ ದನಿ ಬರುತ್ತಲೇ ಇತ್ತು. “ಸುಮಿತ್ರಾ, ಸಕ್ಕರಿ ಯಾವ ಡಬ್ಬ್ಯಾಗ ಐತಿ? ಈ ಬಿಳೇದು ಉಪ್ಪೋ ಸಕ್ಕರಿಯೋ?” ನಾನು ತಿರುಗಿಯೂ ನೋಡಲಿಲ್ಲ.

ಧಾರಾವಾಹಿ ಸುರುವಾಯಿತು. ಇಷ್ಟು ವರ್ಷ ಟಿವಿ ನೋಡಿ ನೋಡಿ ಈಗ ನಮಗೆಲ್ಲ ಹಿಂದಿ ನೀರು ಕುಡಿದಷ್ಟು ಸಲೀಸಾಗಿದೆ. ಸೊಸೆ ಅಳುತ್ತ ಬಂದು ಅತ್ತೆಯ ಕಾಲಿಗೆ ಬಿದ್ದಳು. ಸೊಸೆ ಸ್ಪಷ್ಟವಾದ ಹಿಂದಿಯಲ್ಲಿ, ‘ನನ್ನದು ತಪ್ಪಾಯಿತು ಅಮ್ಮಾ, ಓದುವ ಹುಚ್ಚು ಬಿಟ್ಟೆ, ಇನ್ನು ಹೊಸ್ತಿಲು ದಾಟುವ ಮಾತೇ ಆಡುವುದಿಲ್ಲ’ ಎಂದಳು. ಅತ್ತೆ ಅವಳನ್ನು ಎತ್ತಿ ಅಪ್ಪಿಕೊಂಡು, ‘ಈಗ ನೀನು ಈ ಮನೆಯ ಸೊಸೆಯಾದೆ, ಹೋಗು, ಎಲ್ಲರಿಗೂ ಊಟಕ್ಕೆ ಬಡಿಸು’ ಎಂದಳು. ನಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ಶಾಂತಕ್ಕನ ಕಡೆ ನೋಡುವಷ್ಟರಲ್ಲಿ ಮಾಮಾ ಗಂಟಲು ಸರಿಮಾಡಿಕೊಂಡು ಸುರು ಮಾಡಿದರು: “ಸೊಸಿ ಅಂತಾಳ, ಆಶೀರ್ವಾದ ಮಾಡ್ರಿ ಅತ್ತೀ, ನಾ ಕಲೀಲಿಕ್ಕೆ ಹೊಂಟೇನಿ...”

ಹಾಲ್‌ನಲ್ಲಿ ಎಲ್ಲರ ತಲೆಯೂ ಟಿವಿಯಿಂದ ಮಾಮಾನ ಕಡೆಗೆ ತಿರುಗಿತು. ನಮ್ಮವರು ಸೌಟು ಹಿಡಿದು ಅಡುಗೆಮನೆಯಿಂದ ಓಡಿಬಂದರು.

“ಮಾಮಾ, ಆಕಿ ಹಂಗ ಅನ್ನಲಿಲ್ರಿ. ಕಲಿಯೂದು ಬಿಟ್ಟೆ ಅಂದ್ಲು” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ಹೌದೇನ? ಇರಬಹುದು” ಎಂದರು ಮಾಮಾ, ಸ್ವಲ್ಪವೂ ಗಾಬರಿಯಾಗದೆ.

“ನಿಮಗ ಹಿಂದಿ ಬರ್ತಿದ್ದಿಲ್ಲೇನ್ರಿ?”

“ನನಗ ಮರಾಠಿ ಬರ್ತಿತ್ತವ್ವಾ. ಹಿಂದಿ ಅರ್ಧ ತಿಳೀತಿತ್ತು. ಉಳದದ್ದು ಮಂದಿ ಮಾರಿ ನೋಡಿ ಹೇಳ್ತಿದ್ದೆ.”

“ಟಿವಿಯಾಗಿನ ಮಂದಿ ಮಾರಿ ನೋಡ್ಯೋ?”

“ಅಲ್ಲ, ಮುಂದ ಕೂತ ಮಂದೀದು. ಅವತ್ತ ನಿಮ್ಮತ್ತಿ ಕಣ್ಣಾಗ ನೀರು ತಂದು ಕೂತಿದ್ರು. ನೀ ತಾಟ ಹಿಡದು ಬಾಗಲಾಗ ನಿಂತಿದ್ದಿ. ಅಂಥಾ ಹೊತ್ತಿನ್ಯಾಗ, ಸೊಸಿ ತಪ್ಪಾತು ಅಂದ್ಲು ಅಂತ ಹ್ಯಾಂಗ ಹೇಳ್ಲಿ? ಚಲೋ ಅನಸಲಿಲ್ಲ.”

ಶಾಂತಕ್ಕ ಬಿಡಲಿಲ್ಲ. “ಮಾಮಾ, ಮುಂದಿನ ವಾರದಾಗೂ ಆ ಸೊಸಿ ಅಡಗಿಮನ್ಯಾಗ ಇದ್ದಳಲ್ರಿ?”

“ಕಾಲೇಜು ಸೂಟಿ ಐತಿ ಅಂತ ಹೇಳಿದ್ದೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಎದ್ದು ಮಾಮಾನಿಗೆ ಚಹಾ ತರಲು ಹೋದೆ. ಆ ದಿನ ಮಾಮಾ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಅತ್ತೆಯವರು ಅದಕ್ಕೂ ಕಣ್ಣು ಒರೆಸಿಕೊಂಡು, ‘ಸೊಸಿ ಅಂದ್ರ ಹಿಂಗಿರಬೇಕ್ ನೋಡು’ ಎನ್ನುತ್ತಿದ್ದರು. ನಾನು ತಾಟನ್ನು ಕೆಳಗಿಟ್ಟು ಮತ್ತೆ ಒಳಗೆ ಹೋಗುತ್ತಿದ್ದೆ, ಬಹುಶಃ ಅಲ್ಲಿಯೇ ಉಳಿಯುತ್ತಿದ್ದೆ. ಮಾಮಾನ ಕೈಗೆ ಚಹಾ ಕೊಟ್ಟೆ. ನಮ್ಮವರು ಮಾಡಿದ್ದು, ಉಪ್ಪು ಹಾಕಿದ್ದರು. ಮಾಮಾ ಒಂದು ಗುಟುಕು ಕುಡಿದು, ನನ್ನ ಮುಖ ನೋಡಿ, “ಚಲೋ ಆಗೇತಿ” ಎಂದರು.

ಎಲ್ಲರೂ ಹೊರಟು ನಿಂತಾಗ ನಮ್ಮವರು ನಾಲ್ಕು ಜನ ಕೇಳುವಂತೆ, “ಹಂಗಾರ ಸುಮಿತ್ರಾ, ಈ ಟಿವಿ ನಾಳೆ ಆ ಹೂವಿನ ಗಿಡದವರಿಗೆ ಕೊಟ್ಟಬಿಡೂಣೇನು?” ಎಂದರು. “ಇರ್ಲಿ ಬಿಡ್ರಿ” ಎಂದೆ. ಆಡಿದ್ದು ಅಷ್ಟೇ. ಅದನ್ನವರು ಅಂದೇ ತಮ್ಮ ಮೊಬೈಲ್ ಗುಂಪಿಗೆಲ್ಲ ತಿಳಿಸಿದ್ದಾರೆ. ಈಗಲೂ ಅಡುಗೆಮನೆಗೆ ಹೋಗುವಾಗ ಎಡಗಾಲಿಗೆ, ಬರುವಾಗ ಬಲಗಾಲಿಗೆ ಟಿವಿ ಬಡಿಯುತ್ತದೆ. ಬೈಯಬೇಕೆಂದು ಬಾಯಿ ತೆರೆಯುತ್ತೇನೆ, ಬೈಗುಳ ಬರುವುದಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತರೆ ನಮ್ಮವರು ಎದುರಿಗೆ ಬಂದು ಕೂತು ನಗುತ್ತಾರೆ. ಮದುವೆಯಾದಾಗಿನಿಂದ ಅವರು ನನ್ನ ಮೇಲೆ ಗೆದ್ದ ಮೊದಲ ಜಗಳ ಇದು. ಅದನ್ನೂ ಅವರು ಗೆದ್ದದ್ದಲ್ಲ, ಹಿಂದಿ ಬಾರದವರೊಬ್ಬರು ಗೆದ್ದುಕೊಟ್ಟದ್ದು ಎಂದು ಹೇಳಿ ನೋಡಿದೆ. ಅವರಿಗೆ ಅದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ.