ಪುಟ್ಟಿಯ ಮನೆಗೆ ಟ್ಯೂಷನ್ ಟೀಚರ್ ಬಂದದ್ದು

ಶಾಲೆಯಲ್ಲಿ ಪಾಠ ಮಾಡುವುದರಿಂದ ಮಕ್ಕಳ ವಿದ್ಯಾಭ್ಯಾಸಕ್ಕೆ ತೀವ್ರ ಅಡಚಣೆಯಾಗುತ್ತಿದೆ ಎಂಬ ಅಂಶ ನಮ್ಮ ಶಾಲೆಯ ಆಡಳಿತ ಮಂಡಳಿಯ ಗಮನಕ್ಕೆ ಬಂದು, ಸದರಿ ಪದ್ಧತಿಯನ್ನು ಈ ವರ್ಷದಿಂದ ಕೈಬಿಡಲಾಯಿತು. ಟ್ಯೂಷನ್ನಿನಲ್ಲಿ ಒಂದು ರೀತಿ ಕಲಿತ ಲೆಕ್ಕವನ್ನು ತರಗತಿಯಲ್ಲಿ ಇನ್ನೊಂದು ರೀತಿ ಹೇಳಿಕೊಟ್ಟರೆ ಮಗುವಿನ ತಲೆ ಕೆಡುವುದು ಸಹಜ. ಮೇಲಾಗಿ, ಸಂಜೆಯೆಲ್ಲ ಟ್ಯೂಷನ್ನಿನಲ್ಲಿ ಕೂರಬೇಕಾದ ಮಕ್ಕಳಿಗೆ ಹಗಲು ಸ್ವಲ್ಪ ವಿಶ್ರಾಂತಿ ಬೇಡವೇ? ಆದ್ದರಿಂದ ತರಗತಿಯ ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿ, ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವ ವ್ಯವಸ್ಥೆ ಮಾಡಲಾಯಿತು. ಗಣಿತದ ಮೇಷ್ಟ್ರು ಚಪ್ಪಲಿ ಕಳಚಿ ತುದಿಗಾಲಲ್ಲಿ ಓಡಾಡುತ್ತ, ಗೊರಕೆ ಹೊಡೆಯುವವರ ತಲೆಯನ್ನು ಮೆಲ್ಲಗೆ ಇನ್ನೊಂದು ಕಡೆಗೆ ತಿರುಗಿಸುತ್ತಿದ್ದರು. ಈ ಕೆಲಸದಲ್ಲಿ ಅವರು ಬಹು ಬೇಗ ಪಳಗಿದರು.

ಈ ಶಿಸ್ತಿಗೆ ಭಂಗ ತಂದವಳು ಪುಟ್ಟಿ. ಶಾಲೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಮಗಳು. ಎಲ್ಲರೂ ಮಲಗಿರುವಾಗ ಇವಳೊಬ್ಬಳು ಎಚ್ಚರವಾಗಿ ಕೂತು, ಪರದೆಯ ಸಂದಿಯ ಬೆಳಕಿನಲ್ಲಿ ಪುಸ್ತಕ ಓದುತ್ತಿದ್ದಳು. ಓದಿದ್ದು ಅರ್ಥವೂ ಆಗುತ್ತಿತ್ತು ಎಂಬುದು ಇನ್ನೂ ಆತಂಕದ ವಿಷಯ. ಒಂದು ಮಧ್ಯಾಹ್ನ ಎದ್ದು ನಿಂತು, "ಸಾರ್, ಭಿನ್ನರಾಶಿ ಭಾಗಿಸುವಾಗ ಎರಡನೇದನ್ನ ಯಾಕೆ ತಲೆಕೆಳಗು ಮಾಡ್ಬೇಕು?" ಎಂದು ಕೇಳಿಯೇಬಿಟ್ಟಳು. ಮುಂದಿನ ಸಾಲಿನವರು ಬೆಚ್ಚಿ ಎದ್ದರು. ಮೇಷ್ಟ್ರ ಮುಖ ಒಂದು ಗಳಿಗೆ ಅರಳಿತು, ಕೈ ಚಾಕ್‌ಪೀಸಿನ ಕಡೆ ಹೋಯಿತು. ಆದರೆ ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಕೈ ಹಿಂದಕ್ಕೆ ತೆಗೆದು, ಪುಟ್ಟಿಯನ್ನು ನೇರ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಕರೆದೊಯ್ದರು.

ವಿಚಾರಣೆಯಲ್ಲಿ ಪುಟ್ಟಿಗೆ ಟ್ಯೂಷನ್ನೇ ಇಲ್ಲವೆಂದು ತಿಳಿದುಬಂತು. ತಾಯಿಗೆ ಕರೆ ಹೋಯಿತು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಆಕೆ ಓಡಿ ಬಂದಳು.

"ಏನಮ್ಮ, ಮಗಳಿಗೆ ಟ್ಯೂಷನ್ ಇಲ್ವಂತೆ?"

"ಇಲ್ಲ ಮೇಡಂ. ಅವಳಿಗೆ ಓದಿದ್ರೆ ಅರ್ಥ ಆಗುತ್ತೆ."

"ಅದೇ ಅವಳ ಮೇಲಿರೋ ದೂರು. ಟ್ಯೂಷನ್ ಟೀಚರ್ ಇಲ್ದೋರನ್ನ ವಾರ್ಷಿಕ ಪರೀಕ್ಷೆಗೆ ಕೂರಿಸೋ ಹಾಗಿಲ್ಲ. ನಾಳೆ ಪಾಸಾಗಿಬಿಟ್ರೆ ಯಾರಿಂದ ಪಾಸಾದ್ಲು ಅಂತ ಹೇಳೋಣ?"

"ಪರೀಕ್ಷೆಗೆ ಕೂರಿಸ್ದೆ ಇದ್ರೆ ಇದೇ ಕ್ಲಾಸಲ್ಲಿ ಉಳ್ಕೋತಾಳೆ ಮೇಡಂ!"

"ಉಳ್ಕೊಳ್ಳಲಿ. ಮಲಗೋಕೆ ಜಾಗ ಇದೆ."

ತಾಯಿ ಮಗಳ ಕೈ ಹಿಡಿದು ಊರಿನ ಟ್ಯೂಷನ್ನುಗಳನ್ನೆಲ್ಲ ಸುತ್ತಿದಳು. ಎಲ್ಲ ಕಡೆ ಪ್ರವೇಶ ಪರೀಕ್ಷೆ. ಪುಟ್ಟಿ ಎಲ್ಲ ಕಡೆಯೂ ಎಲ್ಲ ಪ್ರಶ್ನೆಗೂ ಸರಿಯುತ್ತರ ಬರೆದು, ಎಲ್ಲ ಕಡೆಯೂ ತಿರಸ್ಕೃತಳಾದಳು. "ಇವಳಿಗೆ ಎಲ್ಲಾ ಗೊತ್ತಿದೆಯಲ್ಲಮ್ಮ, ನಾವೇನು ಕಲಿಸೋದು? ನಮಗೂ ಮನಸ್ಸಾಕ್ಷಿ ಅನ್ನೋದಿದೆ" ಎಂದರು ಒಬ್ಬರು. ಪುಟ್ಟಿಯ ತಾಯಿ ಅಂದು ಕಾಜ ಮಾಡಬೇಕಾದ ಕಡೆಯೆಲ್ಲ ಗುಂಡಿ ಹೊಲಿದಳಂತೆ.

ಕೊನೆಗೆ ದಾರಿ ತೋರಿಸಿದವರು ಶಾಲೆಯ ಟ್ಯೂಷನ್ ಸಮನ್ವಯಾಧಿಕಾರಿ. ಹಗಲಿನ ಶಾಲೆ ಸಂಜೆಯ ಟ್ಯೂಷನ್ನಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದು ಅವರ ಹುದ್ದೆ. "ಟೀಚರ್ ಇರಬೇಕು ಅಂತ ನಿಯಮ ಇದೆ. ಬೇರೆಯವರೇ ಆಗಿರಬೇಕು ಅಂತ ಎಲ್ಲೂ ಇಲ್ಲ. ನಿಮ್ಮ ಮಗಳಿಗೆ ಹೇಳಿಕೊಡೋರು ಯಾರು?"

"ಅವಳೇ ಓದ್ಕೋತಾಳೆ ಸಾರ್."

"ಆಯ್ತಲ್ಲ. ಅವಳೇ ಟೀಚರ್."

ಮರುದಿನ ಪ್ರಕಟಣೆ ಹೊರಬಿತ್ತು. "ಸದರಿ ವಿದ್ಯಾರ್ಥಿನಿಯು ಸದರಿ ವಿದ್ಯಾರ್ಥಿನಿಗೆ ಪ್ರತಿ ಸಂಜೆ ಪಾಠ ಹೇಳತಕ್ಕದ್ದು. ಟೀಚರ್ ಹೊರಗಿನಿಂದ ಬಾಗಿಲು ತಟ್ಟಿಯೇ ಬರತಕ್ಕದ್ದು. ಪೋಷಕರು ಎದ್ದು ನಿಂತು ಬರಮಾಡಿಕೊಳ್ಳತಕ್ಕದ್ದು. ಗೊಂದಲಕ್ಕೆ ಅವಕಾಶವಾಗದಂತೆ ಟೀಚರ್ ಕನ್ನಡಕ ಧರಿಸತಕ್ಕದ್ದು."

ಅಂದಿನಿಂದ ಪುಟ್ಟಿ ಸಂಜೆ ಮನೆಗೆ ಬಂದು ಬ್ಯಾಗಿಟ್ಟು, ಹಿಂಬಾಗಿಲಿನಿಂದ ಹೊರಬಿದ್ದು, ಬೀದಿ ಸುತ್ತಿ, ಗಾಜಿಲ್ಲದ ಹಳೆಯ ಕನ್ನಡಕವೊಂದನ್ನು ಏರಿಸಿಕೊಂಡು ಮುಂಬಾಗಿಲು ತಟ್ಟತೊಡಗಿದಳು. ಮೊದಲ ದಿನ ತಾಯಿಗೆ ನಗು ತಡೆಯಲಾಗಲಿಲ್ಲ. ಪಾಠ ನೋಡಲು ಬಂದು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅಧಿಕಾರಿ, ಟೀಚರನ್ನು ನೋಡಿ ನಗುವುದು ಮಗಳ ಭವಿಷ್ಯಕ್ಕೆ ಒಳ್ಳೆಯದಲ್ಲ ಎಂದರು. ಮಗಳ ಭವಿಷ್ಯ ಅಂದ ಕೂಡಲೇ ಆಕೆಯ ನಗು ನಿಂತಿತು.

"ಬನ್ನಿ ಟೀಚರ್, ಕೂತ್ಕೊಳ್ಳಿ. ಟೀ ಕುಡೀತೀರಾ?"

"ಬೇಡ. ನಿಮ್ಮ ಮಗಳಿಗೆ ಗಮನ ಸಾಲದು. ಪುಸ್ತಕದ ಅಂಚಲ್ಲೆಲ್ಲ ಚಿತ್ರ ಬರೀತಾಳೆ."

"ಚೆನ್ನಾಗಿ ಗದರಿಸಿ. ನೀವು ಹೇಳಿದ್ರೆ ಕೇಳ್ತಾಳೆ."

ಟೀಚರ್ ಮುಂಬಾಗಿಲಿನಿಂದ ಹೋಗಿ ಪುಟ್ಟಿ ಹಿಂಬಾಗಿಲಿನಿಂದ ಬಂದರೆ ತಾಯಿಯಿಂದ ಮಂಗಳಾರತಿ. "ಟೀಚರ್ ಏನಂದ್ರು ಗೊತ್ತೇನೆ? ಅಂಥೋರು ಸಿಗೋದು ನಿನ್ನ ಪುಣ್ಯ!" ಪುಟ್ಟಿ ತಲೆ ತಗ್ಗಿಸಿ, ಇನ್ನು ಚಿತ್ರ ಬರೆಯುವುದಿಲ್ಲ ಎನ್ನುತ್ತಿದ್ದಳು. ಬರೆಯಲೂ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪುಟ್ಟಿ ಶಾಲೆಗೇ ಮೊದಲು ಬಂದಳು. ಶಾಲೆಯ ಗೇಟಿನಲ್ಲಿ ದೊಡ್ಡ ಫಲಕ ಎದ್ದಿತು. ಅದರಲ್ಲಿ ಇದ್ದದ್ದು ಕನ್ನಡಕದ ಟೀಚರ್ ಫೋಟೊ. ಅವರ ಕೈಕೆಳಗೆ ದಡ್ಡ ಹುಡುಗಿಯೂ ಉದ್ಧಾರವಾದಳೆಂಬ ಒಕ್ಕಣೆ. ಮರುದಿನವೇ ಹೊಲಿಗೆಯವಳ ಮನೆ ಮುಂದೆ ಪೋಷಕರು ಮುಗಿಬಿದ್ದರು. ಒಳಗೆ ಬೆಂಚುಗಳು ಬಂದವು, ಹೊಲಿಗೆ ಮೆಷಿನ್ ಅಡುಗೆಮನೆಗೆ ಹೋಯಿತು. ಗಣಿತದ ಮೇಷ್ಟ್ರೂ ತಮ್ಮ ಮಗನನ್ನು ತಂದು ಸೇರಿಸಿದರು. ಬಾಗಿಲ ಹೊರಗೆ ನಿಂತು ಪಾಠ ಪೂರ್ತಿ ಕೇಳಿಕೊಂಡೇ ಹೋಗುತ್ತಿದ್ದರು.

ವಾರ್ಷಿಕ ಪರೀಕ್ಷೆ ಹತ್ತಿರವಾದಾಗ ಅಧಿಕಾರಿ ತಪಾಸಣೆಗೆ ಬಂದರು. ಬೆಂಚುಗಳ ಮೇಲೆ ಊರಿನ ಮಕ್ಕಳೆಲ್ಲ ಇದ್ದರು, ಪುಟ್ಟಿ ಒಬ್ಬಳನ್ನು ಬಿಟ್ಟು. "ಬಹಳ ದಿನದಿಂದ ಈ ಹುಡುಗಿ ಟ್ಯೂಷನ್ನಿಗೇ ಬಂದಿಲ್ಲ. ಟೀಚರ್ ಸೇರಿಸಿಕೊಂಡರೆ ಸರಿ, ಇಲ್ಲದಿದ್ದರೆ ಪರೀಕ್ಷೆಯ ಆಸೆ ಬಿಡಿ" ಎಂದರು.

ತಾಯಿ ಅಡುಗೆಮನೆಯಲ್ಲಿ ಮೆಷಿನ್ ನಿಲ್ಲಿಸಿದಳು. ಕೈ ಒರೆಸಿಕೊಂಡು ಬಂದು ಟೀಚರ್ ಮುಂದೆ ನಿಂತಳು. "ಟೀಚರ್, ದಯವಿಟ್ಟು ನನ್ನ ಮಗಳಿಗೂ ಒಂದು ಸೀಟು ಕೊಡಿ. ಮೂಲೇಲಿ ಕೂತ್ಕೋತಾಳೆ."

ಟೀಚರ್ ಕನ್ನಡಕ ತೆಗೆದಳು. "ಅಮ್ಮಾ, ನಂಗೂ ಪರೀಕ್ಷೆ ಬರೀಬೇಕು ಕಣೆ" ಎಂದಳು ಪುಟ್ಟಿ.

"ಟೀಚರ್, ಕನ್ನಡಕ" ಎಂದರು ಅಧಿಕಾರಿ. ಬೆಂಚಿನ ಮೇಲಿದ್ದ ಮಕ್ಕಳ ಪೋಷಕರು ಕಿಟಕಿಯಿಂದ ಇಣುಕಿದರು. ತಾಯಿಯೂ ಗಾಬರಿಯಿಂದ, ಬೇಗ ಹಾಕಿಕೊಳ್ಳುವಂತೆ ಸನ್ನೆ ಮಾಡಿದಳು. ಟೀಚರ್ ಕನ್ನಡಕ ಹಾಕಿಕೊಂಡು ಬೆಂಚುಗಳನ್ನು ಒಂದೊಂದಾಗಿ ನೋಡಿದರು. ನಿಜಕ್ಕೂ ಎಲ್ಲೂ ಜಾಗವಿರಲಿಲ್ಲ.

"ಭರ್ತಿಯಾಗಿದೆ. ಮುಂದಿನ ವರ್ಷ ಬೇಗ ಬನ್ನಿ" ಎಂದರು.

ಪರೀಕ್ಷೆಯ ದಿನ ಟೀಚರಿಗೆ ಶಾಲೆಯಲ್ಲಿ ಸನ್ಮಾನವಿತ್ತು. ತಾಯಿಯೇ ಅವರ ಬಟ್ಟೆಗೆ ಇಸ್ತ್ರಿ ಮಾಡಿಕೊಟ್ಟು, ಗೇಟಿನವರೆಗೂ ಬಿಟ್ಟು ಬಂದಳು. ಪಕ್ಕದ ಮನೆಯಾಕೆ ಸಮಾಧಾನ ಹೇಳಲು ಬಂದಾಗ ಮಾತ್ರ ಆಕೆಯ ಕಣ್ಣು ತುಂಬಿತು.

"ಟೀಚರ್ ಮೇಲೆ ನನಗೇನೂ ಬೇಜಾರಿಲ್ಲಕ್ಕ. ಬಂಗಾರದಂಥೋರು, ಎಷ್ಟು ಮಕ್ಕಳನ್ನ ದಡ ಸೇರಿಸಿದ್ರು. ನಮ್ಮ ಹುಡುಗಿಗೇ ಓದೋ ಯೋಗ ಇಲ್ಲ" ಎಂದಳು.