ಡೈವರ್ ಚೆಲುವರಾಜುವಿನ ಕಿವಿ

ಬಾವಿಯಿಂದ ನೀರು ಸೇದುತ್ತಿದ್ದ ಕಮಲಳ ಕಿವಿಯ ಓಲೆ ಜಾರಿ ನೀರಿಗೆ ಬಿತ್ತು. ಅತ್ತೆ ಮಾಡಿಸಿಕೊಟ್ಟ ಓಲೆ. ಆ ಅತ್ತೆ ಮಧ್ಯಾಹ್ನದ ಬಸ್ಸಿಗೇ ಬರುವವರಿದ್ದರು. ಕಮಲ ಕಿರುಚಿದ್ದಕ್ಕೆ ಸರಸ್ವತಿಪುರಂನ ಆ ಬೀದಿಯೇ ಬಾವಿಕಟ್ಟೆಗೆ ಓಡಿಬಂತು. ಬಂದವರೆಲ್ಲ ಒಮ್ಮೆ ಒಳಗೆ ಇಣುಕಿ, ಆಮೇಲೆ ಪಕ್ಕದ ಮನೆಯ ಚೆಲುವರಾಜುವಿನತ್ತ ತಿರುಗಿದರು.

ಚೆಲುವರಾಜು ಮುಂಬೈ ಬಂದರಿನಲ್ಲಿ ಡೈವರ್ ಆಗಿದ್ದವನು. ನೀರಿನಡಿ ಇಳಿದು ಹಡಗಿನ ತಳ ರಿಪೇರಿ ಮಾಡುವ ಕೆಲಸ. ಅವನ ಜೊತೆಯವರಲ್ಲಿ ನಲವತ್ತು ವಯಸ್ಸಿನವರೆಗೆ ಕೆಲಸದಲ್ಲಿ ಉಳಿದವರೇ ಕಮ್ಮಿ. ಒಬ್ಬನ ಮಂಡಿ ಹೋಯಿತು, ಇನ್ನೊಬ್ಬನ ಕಿವಿ. ಚೆಲುವರಾಜುವಿನ ಮಂಡಿಯೂ ಗಟ್ಟಿ, ಕಿವಿಯೂ ಗಟ್ಟಿ. ಹೋದದ್ದು ಧೈರ್ಯ. ಒಂದು ದಿನ ರಾಡಿ ನೀರಿನ ಕತ್ತಲೆಯಲ್ಲಿ ಉಸಿರಾಟದ ಪೈಪು ಮಡಚಿಕೊಂಡು ಗಾಳಿ ನಿಂತುಹೋಗಿತ್ತು. ಮೇಲಿನವರು ಎಳೆದುಕೊಂಡಿದ್ದರಿಂದ ಬದುಕಿದ. ಅಂದಿನಿಂದ ಬಕೆಟ್ಟಿನ ನೀರು ಕಂಡರೂ ಅವನೆದೆ ಹಿಟ್ಟಿನ ಗಿರಣಿಯಂತೆ ಬಡಿದುಕೊಳ್ಳುತ್ತಿತ್ತು. ಊರಿಗೆ ಮರಳಿದವನು, ಹೆದರಿ ಕೆಲಸ ಬಿಟ್ಟೆನೆಂದು ಹೆಂಡತಿ ಕುಸುಮಳಿಗೂ ಹೇಳಲು ನಾಚಿ, "ಕಿವಿ ಹೋಯ್ತು" ಎಂದುಬಿಟ್ಟ. ಈಗ ಒಂದು ವರ್ಷದಿಂದ ಕಿವುಡನಾಗಿಯೇ ಬಾಳುತ್ತಿದ್ದ.

"ಚೆಲುವರಾಜೂ, ನೀನೇ ಇಳೀಬೇಕು ಕಣಯ್ಯಾ!" ಎದುರು ಮನೆಯ ಸದಾಶಿವಯ್ಯ ಮೇಷ್ಟ್ರು ಅವನ ಕಿವಿಗೇ ಬಾಯಿಟ್ಟು ಅರಚಿದರು.

"ಡಾಕ್ಟ್ರು ಬೇಡ ಅಂದವ್ರೆ ಮೇಷ್ಟ್ರೇ. ಕಿವಿ..."

"ಎದೆಮಟ್ಟ ನೀರಲ್ಲಿ ಕಿವಿಗೇನಯ್ಯಾ ಆಗುತ್ತೆ?"

"ಈಗ್ ತಾನೇ ತಿಂಡಿ ತಿಂದಿದೀನಿ."

"ಅರಗೋ ತನಕ ಕಾಯ್ತೀವಿ ಬುಡು," ಎಂದು ಮೇಷ್ಟ್ರು ಕಟ್ಟೆಯ ಮೇಲೇ ಕೂತರು. ಉಳಿದವರೂ ಕೂತರು.

ಅಷ್ಟರಲ್ಲಿ ಕುಸುಮ ಹಗ್ಗ ತಂದು, ಒಂದು ತುದಿ ಬಾವಿಯ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಗಂಡನ ಸೊಂಟಕ್ಕೆ ಬಿಗಿದೇಬಿಟ್ಟಳು. "ಅಳಬೇಡ ಕಣೇ ಕಮಲ. ಸಮುದ್ರದ ತಳ ನೋಡ್ಕಂಡ್ ಬಂದೋರು ನಮ್ಮೋರು. ಇದ್ಯಾವ ಲೆಕ್ಕ?"

ಚೆಲುವರಾಜು ಕಾಲು ಇಳಿಬಿಟ್ಟು ಕೂತ. ಕೆಳಗೆ ನೀರು ಕಪ್ಪಗೆ ಮಿನುಗಿತು. ಕಟ್ಟೆಯ ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಹೆಂಡತಿಯ ಮುಖದ ಹೆಮ್ಮೆ ನೋಡಲಾರದೆ ಅವನು ತಲೆ ತಗ್ಗಿಸಿದ.

"ನನ್ ಕಿವಿಗೆ ಏನೂ ಆಗಿಲ್ಲ ಕಣ್ರೀ! ಹೆದರ್ಕಂಡು ಕೆಲಸ ಬಿಟ್ಬುಟ್ಟೆ. ನಾಚಿಕೆ ಆಗಿ ಸುಳ್ಳು ಹೇಳ್ದೆ."

ಈಗ ಎಲ್ಲರೂ ನಗುತ್ತಾರೆಂದು ಕಾದ. ಯಾರೂ ನಗಲಿಲ್ಲ. ತಲೆಯೆತ್ತಿದರೆ ಎಲ್ಲರ ಮುಖವೂ ಸುಣ್ಣ.

"ಅಂಗಾದ್ರೆ ಚೆಲುವಣ್ಣ," ಕಮಲ ಅಳು ಮರೆತು ಕೇಳಿದಳು, "ನಾನು ಅತ್ತೇನ ನಿಮ್ಮೆದುರಿಗೇ ಬೈಕಂತಿದ್ನಲ್ಲಾ..."

ಮೇಷ್ಟ್ರು ಕೆಮ್ಮಿದರು. ಅವನ ಜಗಲಿಯಲ್ಲಿ ಕೂತೇ ಅವರು ಮದುವೆ ದಲ್ಲಾಳಿಗೆ ಫೋನ್ ಮಾಡಿ, ತಮ್ಮ ವಯಸ್ಸನ್ನು ಐವತ್ತಕ್ಕೆ ಇಳಿಸಿ ಹೇಳುತ್ತಿದ್ದುದು.

ಕುಸುಮ ಹತ್ತಿರ ಬಂದಳು. "ನಿಮ್ ಬಗ್ಗೆ ನಮ್ಮಕ್ಕನ ಹತ್ರ ನಾನು ಫೋನಲ್ಲಿ ಅಂದಿದ್ದೂ ಕೇಳಿಸ್ತಿತ್ತಾ?"

ಇನ್ನೊಂದು ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಎಲ್ಲಾ ಕೇಳಿಸ್ತಿತ್ತು," ಎಂದ.

ಸುತ್ತ ನಿಂತವರ ಕಣ್ಣು ನೋಡಿದ. ಬಾವಿಯೇ ವಾಸಿ ಅನ್ನಿಸಿತು. ಹಗ್ಗ ಹಿಡಿದು ಜಾರಿ ಇಳಿದೇಬಿಟ್ಟ.

ತಣ್ಣನೆಯ ನೀರು ಎದೆಗೆ ತಾಗಿದಾಗ ಜೀವ ಬಾಯಿಗೆ ಬಂತು. ಕಣ್ಣು ಮುಚ್ಚಿ, ಮೂಗು ಹಿಡಿದು ಮುಳುಗಿದ. ಕೆಸರು ತಡಕಿದ. ಎದ್ದಾಗ ಕೈಯಲ್ಲಿ ಓಲೆ!

"ಸಿಕ್ತೂ!"

ಮೇಲಿಂದ ಬಕೆಟ್ ಇಳಿಯಿತು. ಓಲೆ ಹಾಕಿದ. ಬಕೆಟ್ ಸರಸರನೆ ಮೇಲೇರಿತು. ಒಂದೊಂದಾಗಿ ತಲೆಗಳು ಮರೆಯಾದವು.

"ಈಗ ನನ್ನ ಎಳೀರೋ!" ಚೆಲುವರಾಜು ಕೂಗಿದ.

ಕೊನೆಗೆ ಉಳಿದದ್ದು ಕುಸುಮಳ ತಲೆ ಒಂದೇ. ಅವಳು ಅಂಗೈಯನ್ನು ಕಿವಿಗೆ ಆನಿಸಿಕೊಂಡು ಬಗ್ಗಿದಳು.

"ಏನಂದ್ರೀ? ಒಂದೂ ಕೇಳಿಸ್ತಿಲ್ವಲ್ರೀ!"